ಜೇಡದ ಹನ್ನೆರಡು ಕಾಲು: ಒಂದು ಕಳ್ಳರ ಗುಂಪು ಮನೆಯಾದ ಕಥೆ

ವಿಡಿಯೋ ನೋಡೋಕೆ ಟೈಮ್ ಇಲ್ಲ, ಮೆಟ್ರೋದಲ್ಲಿ ಓದ್ಕೋತೀವಿ ಅನ್ನೋರಿಗಾಗಿ ಈ ವಾರದ ಮಾತು ಇಲ್ಲಿ ಬರಹದ ರೂಪದಲ್ಲಿದೆ. ಮಾತಾಡುವಾಗ ಅಲ್ಲಲ್ಲಿ ಎಳೆದದ್ದನ್ನ ಸ್ವಲ್ಪ ಕತ್ತರಿಸಿದ್ದೀನಿ, ಅಷ್ಟೆ.

ಈ ಸಲದ ವಿಷಯ 'ಹಂಟರ್ ಹಂಟರ್' ಅನ್ನೋ ಜಪಾನಿ ಆನಿಮೆಯಲ್ಲಿ ಬರೋ ಫ್ಯಾಂಟಮ್ ಟ್ರೂಪ್ ಅನ್ನೋ ಖಳರ ಗುಂಪು. ಹೆಸರಿನಲ್ಲಿ ಎರಡು ಹಂಟರ್ ಮಧ್ಯೆ ಒಂದು ಗುಣಾಕಾರದ ಚಿಹ್ನೆ ಇದೆ, ಅದನ್ನ ಓದೋದಿಲ್ಲ. ಯೋಶಿಹಿರೋ ತೊಗಾಶಿ ಬರೆಯೋ ಈ ಮಾಂಗಾ ಶುರುವಾಗಿದ್ದು 1998ರಲ್ಲಿ. ಅದರ ಮೇಲೆ ಎರಡು ಆನಿಮೆ ಸರಣಿ ಬಂದಿವೆ. 1999ರಲ್ಲಿ ಬಂದಿದ್ದು ಒಂದು. 2011ರಿಂದ 2014ರವರೆಗೆ ಮ್ಯಾಡ್‌ಹೌಸ್ ಸ್ಟುಡಿಯೋ ಮಾಡಿದ 148 ಎಪಿಸೋಡಿನದ್ದು ಇನ್ನೊಂದು. ನಾನು ಮಾತಾಡ್ತಿರೋದು ಈ ಎರಡನೆಯದರ ಬಗ್ಗೆ, ಅದರಲ್ಲೂ ಯಾರ್ಕ್‌ನ್ಯೂ ಸಿಟಿ ಅನ್ನೋ ಭಾಗದ ಬಗ್ಗೆ. ನೋಡದೇ ಇರೋರಿಗೆ ಮೊದಲೇ ಹೇಳಿಬಿಡ್ತೀನಿ: ಯಾರು ಸಾಯ್ತಾರೆ, ಹೇಗೆ ಸಾಯ್ತಾರೆ ಎಲ್ಲಾ ಇಲ್ಲಿದೆ.

ಆನಿಮೆ ನೋಡೋರ ಮಧ್ಯೆ 'ಫೌಂಡ್ ಫ್ಯಾಮಿಲಿ' ಅನ್ನೋ ಮಾತು ತುಂಬಾ ಓಡುತ್ತೆ. ಹುಟ್ಟಿನಿಂದ ಬಂದ ಮನೆಯಲ್ಲ, ನಾವಾಗೇ ಕಂಡುಕೊಂಡ ಮನೆ. ಊರು ಬಿಟ್ಟು ಬಂದು ಪುಣೆ, ಹೈದರಾಬಾದ್, ಚೆನ್ನೈ ಅಂತ ಸೆಟಲ್ ಆಗಿರೋ ನಮಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಖಳರ ಗುಂಪಿನಲ್ಲಿ ಇದು ಕಂಡಾಗ ಒಂದು ಗೊಂದಲ ಶುರುವಾಗುತ್ತೆ. ಒಬ್ಬರಿಗೊಬ್ಬರು ಪ್ರಾಣ ಕೊಡೋ ಜನ, ಸತ್ತ ಗೆಳೆಯನಿಗಾಗಿ ಗೋಳಾಡಿ ಅಳೋ ಜನ ಪೂರ್ತಿ ಕೆಟ್ಟೋರು ಹೇಗಾಗ್ತಾರೆ? ಫ್ಯಾಂಟಮ್ ಟ್ರೂಪ್ ಕಥೆ ಈ ಪ್ರಶ್ನೆಗೆ ನೇರವಾಗಿ ಉತ್ತರ ಕೊಡುತ್ತೆ. ಆ ಉತ್ತರ ನಮಗೆ ಅಷ್ಟೇನೂ ಹಿತವಾಗಿಲ್ಲ.

ಎಸೆದ ಜಾಗದಲ್ಲಿ ಹುಟ್ಟಿದೋರು

ಈ ಗುಂಪಿನ ಮೂಲ ಸದಸ್ಯರೆಲ್ಲ ಮೀಟಿಯರ್ ಸಿಟಿ ಅನ್ನೋ ಊರಿನೋರು. ಪ್ರಪಂಚ ತನಗೆ ಬೇಡವಾದ ಏನನ್ನ ಬೇಕಾದ್ರೂ ಅಲ್ಲಿ ತಂದು ಎಸೀಬಹುದು: ಕಸ, ಹಳೇ ಶಸ್ತ್ರ, ಹೆಣ, ಕೊನೆಗೆ ಕೈಗೂಸು ಕೂಡ. ಸರ್ಕಾರಿ ಲೆಕ್ಕದಲ್ಲಿ ಅಲ್ಲಿ ಯಾರೂ ವಾಸವೇ ಇಲ್ಲ. ಹಾಗಾಗಿ ಅಲ್ಲಿ ಬೆಳೆದೋರಿಗೆ ಯಾವ ದಾಖಲೆಯೂ ಇರೋದಿಲ್ಲ. ಹೊಸ ಊರಿಗೆ ಹೋಗಿ ಅಡ್ರೆಸ್ ಪ್ರೂಫ್ ಇಲ್ಲದೆ ಗ್ಯಾಸ್ ಕನೆಕ್ಷನ್‌ಗೆ ಅಲೆದೋರಿಗೆ ಇದರ ಒಂದು ಚೂರು ಅರ್ಥ ಆಗಬಹುದು. ಇವರದ್ದು ಹುಟ್ಟಿನಿಂದ ಸಾಯೋವರೆಗೂ ಅದೇ ಗತಿ.

ಈ ಊರಿನ ಜನರ ಒಗ್ಗಟ್ಟು ಎಂಥದ್ದು ಅನ್ನೋಕೆ ಸರಣಿಯಲ್ಲೇ ಒಂದು ಹಳೇ ಪ್ರಸಂಗ ಬರುತ್ತೆ. ಮೀಟಿಯರ್ ಸಿಟಿಯ ಒಬ್ಬ ಮನುಷ್ಯನ ಮೇಲೆ ಹೊರಗಿನೋರು ಸುಳ್ಳು ಕೊಲೆ ಕೇಸ್ ಹಾಕ್ತಾರೆ. ಕೆಲವು ವರ್ಷ ಆದಮೇಲೆ ಆ ಕೇಸಿನಲ್ಲಿ ಕೈಯಿದ್ದ ಪೊಲೀಸರು, ನ್ಯಾಯಾಧೀಶರು, ವಕೀಲರು ಎಲ್ಲರೂ ಸಾಯ್ತಾರೆ. ಮೀಟಿಯರ್ ಸಿಟಿ ಜನ ಒಬ್ಬೊಬ್ಬರಾಗಿ ಹೋಗಿ, ಅವರ ಕೈ ಕುಲುಕಿ, ತಮ್ಮನ್ನೂ ಸೇರಿಸಿ ಸ್ಫೋಟಿಸಿಕೊಂಡಿರ್ತಾರೆ. ಒಬ್ಬನಿಗೆ ಆದ ಅನ್ಯಾಯಕ್ಕೆ, ಅವನ ಮುಖಾನೇ ನೋಡದೇ ಇದ್ದಿರಬಹುದಾದ ಅಷ್ಟೊಂದು ಜನ ಪ್ರಾಣ ಕೊಟ್ಟರು. ಟ್ರೂಪ್ ಹುಟ್ಟಿದ್ದು ಈ ಮಣ್ಣಿನಲ್ಲಿ.

ನಿಯಮ: ಯಾರು ಸತ್ತರೂ ಜೇಡ ಬದುಕಬೇಕು

ಗುಂಪಿನ ಗುರುತು ಜೇಡ. ನಾಯಕ ಕ್ರೋಲೋ ಲೂಸಿಲ್ಫರ್ ತಲೆ, ಉಳಿದ ಹನ್ನೆರಡು ಜನ ಕಾಲು. ಪ್ರತಿಯೊಬ್ಬರ ಮೈಮೇಲೂ ತಮ್ಮ ನಂಬರ್ ಇರೋ ಜೇಡದ ಹಚ್ಚೆ ಇರಬೇಕು. ಒಬ್ಬ ಸತ್ತರೆ ಇನ್ನೊಬ್ಬ ಆ ನಂಬರಿಗೆ ಬರ್ತಾನೆ. ಇರೋ ಸದಸ್ಯನನ್ನ ಕೊಂದೂ ಅವನ ಜಾಗಕ್ಕೆ ಬರಬಹುದು.

ಕ್ರೋಲೋ ಹಾಕಿರೋ ಮುಖ್ಯ ನಿಯಮ ಇಷ್ಟು: ತಲೆಯ ಆಜ್ಞೆ ಎಲ್ಲಕ್ಕಿಂತ ದೊಡ್ಡದು, ಆದರೆ ತಲೆಯ ಪ್ರಾಣ ದೊಡ್ಡದಲ್ಲ. ತಲೆ ಹೋದರೆ ಇನ್ನೊಬ್ಬ ತಲೆಯಾಗಲಿ, ಜೇಡ ಬದುಕಲಿ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್ ಇಲ್ಲದ ಡಿಸೈನ್. ಒಂದು ನೋಡ್ ಬಿದ್ದರೆ ಇನ್ನೊಂದು ಮೇಲೇಳುತ್ತೆ, ಸಿಸ್ಟಮ್ ನಿಲ್ಲೋದಿಲ್ಲ. ಒಳಗೆ ಜಗಳ ಬಂದರೆ ಅದಕ್ಕೂ ದಾರಿ ಇದೆ: ನಾಣ್ಯ ಚಿಮ್ಮೋದು. ನಾಣ್ಯ ಹೇಳಿದ ಮೇಲೆ ಮಾತಿಲ್ಲ.

ಕಾಗದದ ಮೇಲೆ ನೋಡಿದರೆ ಇಲ್ಲಿ ಮನೆ ಅನ್ನೋದಕ್ಕೆ ಜಾಗವೇ ಇಲ್ಲ. ಎಲ್ಲರೂ ಬದಲಾಯಿಸಬಹುದಾದ ರಿಸೋರ್ಸ್. ಯಾರ್ಕ್‌ನ್ಯೂ ಭಾಗ ಪೂರ್ತಿ ಈ ನಿಯಮಕ್ಕೆ ಇಡೋ ಒಂದು ಲೋಡ್ ಟೆಸ್ಟ್ ಅಂದ್ಕೊಳ್ಳಿ.

ಟೆಸ್ಟ್ ಮಾಡೋಕೆ ಬರೋನು ಕುರಪಿಕಾ. ಇವನು ಕುರ್ತಾ ಅನ್ನೋ ಕುಲದ ಹುಡುಗ. ಆವೇಶ ಬಂದಾಗ ಆ ಕುಲದವರ ಕಣ್ಣು ಕಡುಗೆಂಪಾಗುತ್ತೆ, ಆ ಕಣ್ಣುಗಳಿಗೆ ಮಾರ್ಕೆಟ್ಟಿನಲ್ಲಿ ಭಾರೀ ಬೆಲೆ. ಟ್ರೂಪ್ ಆ ಕುಲವನ್ನೇ ಕೊಂದು ಕಣ್ಣು ಕಿತ್ತುಕೊಂಡು ಹೋಗಿರುತ್ತೆ. ಉಳಿದಿರೋನು ಕುರಪಿಕಾ ಒಬ್ಬನೇ. ಅವನು ತನ್ನ 'ನೆನ್' ಶಕ್ತಿಯಿಂದ ಸರಪಳಿಗಳನ್ನ ಸೃಷ್ಟಿಸ್ಕೋತಾನೆ. ಬಂಧಿಸೋ ಸರಪಳಿಯನ್ನ ಟ್ರೂಪಿನೋರ ಮೇಲೆ ಮಾತ್ರ ಬಳಸ್ತೀನಿ, ಬೇರೆ ಯಾರ ಮೇಲಾದ್ರೂ ಬಳಸಿದರೆ ನಾನೇ ಸಾಯ್ತೀನಿ ಅನ್ನೋದು ಅವನು ತನಗೇ ಹಾಕಿಕೊಂಡ ಕರಾರು. ಇನ್ನೊಂದು ಸರಪಳಿ ಎದುರಾಳಿಯ ಹೃದಯಕ್ಕೆ ಸುತ್ತಿಕೊಳ್ಳುತ್ತೆ. ಹಾಕಿದ ಷರತ್ತು ಮುರಿದರೆ ಹೃದಯ ಹಿಂಡಿಬಿಡುತ್ತೆ.

ಬಾಯಿ ಬಿಡದೆ ಸತ್ತವನು

ಸೆಪ್ಟೆಂಬರ್ 1ರಂದು ಯಾರ್ಕ್‌ನ್ಯೂನಲ್ಲಿ ಮಾಫಿಯಾಗಳ ಗುಪ್ತ ಹರಾಜು. ಟ್ರೂಪ್ ಅದನ್ನ ದೋಚುತ್ತೆ. ಆ ಗದ್ದಲದಲ್ಲಿ ಗುಂಪಿನ ಅತೀ ಬಲಶಾಲಿ ಉವೋಗಿನ್‌ನನ್ನ ಕುರಪಿಕಾ ಹಿಡಿದುಹಾಕ್ತಾನೆ. ಗೆಳೆಯರು ಬಂದು ಬಿಡಿಸಿಕೊಂಡು ಹೋಗ್ತಾರೆ. ಆದರೆ ಉವೋಗಿನ್‌ಗೆ ಸೇಡು ಬೇಕು, ಒಬ್ಬನೇ ವಾಪಸ್ ಬರ್ತಾನೆ, ಸೋಲ್ತಾನೆ. ಹೃದಯದ ಮೇಲೆ ಸರಪಳಿ ಬೀಳುತ್ತೆ. ಕುರಪಿಕಾ ಕೇಳೋದು ಒಂದೇ: ನಿನ್ನ ಜೊತೆಯವರು ಎಲ್ಲಿದ್ದಾರೆ ಹೇಳು. ಹೇಳಿದ್ರೆ ಬದುಕ್ತಾನೆ. ಉವೋಗಿನ್ ಹೇಳೋದಿಲ್ಲ, ಸಾಯ್ತಾನೆ.

ಇಲ್ಲಿಯವರೆಗೆ ನಿಯಮ ಸರಿಯಾಗೇ ಕೆಲಸ ಮಾಡಿದೆ. ಒಂದು ಕಾಲು ಹೋಯ್ತು, ಮಾಹಿತಿ ಸೋರಲಿಲ್ಲ, ಜೇಡ ಬದುಕಿದೆ. ಹನ್ನೊಂದನೇ ನಂಬರಿಗೆ ಇನ್ನೊಬ್ಬನ್ನ ಹುಡುಕಿದ್ರೆ ಆಯ್ತು. ಆದರೆ ಹಾಗಾಗೋದಿಲ್ಲ. ಉವೋಗಿನ್ ಜೊತೆ ಶುರುವಿನಿಂದ ಜೋಡಿಯಾಗಿ ಹೋರಾಡಿದ ನೊಬುನಾಗಾ ಮಗುವಿನ ಹಾಗೆ ಅಳ್ತಾನೆ. ಯಾವಾಗ್ಲೂ ತಣ್ಣಗಿರೋ ಕ್ರೋಲೋ ಒಂದು ಭವಿಷ್ಯವಾಣಿ ಓದ್ತಾನೆ. ಅದರಲ್ಲಿ ಉವೋಗಿನ್ ಸತ್ತ ಸೂಚನೆ ಸಿಕ್ಕಾಗ, ಓದ್ತಾ ಓದ್ತಾ ಅವನ ಕಣ್ಣಿಂದ ನೀರು ಇಳಿಯುತ್ತೆ. ಮುಖದಲ್ಲಿ ಬೇರೇನೂ ಬದಲಾಗೋದಿಲ್ಲ.

ಮುಂದಿನ ದೃಶ್ಯ ನೋಡಿ. ಉವೋಗಿನ್‌ಗೆ ಶ್ರದ್ಧಾಂಜಲಿಯಾಗಿ ಕ್ರೋಲೋ ಮಾಫಿಯಾದೋರ ಮೇಲೆ ತನ್ನ ಜನರನ್ನ ಬಿಡ್ತಾನೆ. ಊರು ಹೊತ್ತಿ ಉರಿಯುವಾಗ ಎತ್ತರದ ಕಿಟಕಿ ಮುಂದೆ ನಿಂತು, ಕಣ್ಣು ಮುಚ್ಚಿ, ವಾದ್ಯವೃಂದ ನಡೆಸೋನ ಹಾಗೆ ಎರಡೂ ಕೈ ಆಡಿಸ್ತಾನೆ. ಕೆಳಗೆ ಸಾಯ್ತಿರೋರಲ್ಲಿ ಉವೋಗಿನ್ ಮುಖ ನೋಡಿದೋರೂ ಎಷ್ಟು ಜನವೋ. ಇವನ ದುಃಖ ನೂರಕ್ಕೆ ನೂರು ನಿಜ. ಅದೇ ದುಃಖ ಈ ಕೊಲೆಗಳಿಗೆ ಕಾರಣ ಅನ್ನೋದೂ ನಿಜ.

ಗಾನ್ ಕೇಳಿದ ಪ್ರಶ್ನೆ

ಸರಣಿಯ ನಾಯಕ ಗಾನ್, ಹನ್ನೆರಡು ವರ್ಷದ ಹುಡುಗ. ಅವನೂ ಅವನ ಗೆಳೆಯ ಕಿಲ್ವಾನೂ ಟ್ರೂಪಿನ ಕೈಗೆ ಸಿಕ್ಕಿಬೀಳ್ತಾರೆ. ನೊಬುನಾಗಾ ಗಾನ್ ಜೊತೆ ಪಂಜ ಹಾಕ್ತಾ, ಉವೋಗಿನ್ ಬಗ್ಗೆ ಹೇಳ್ತಾ ಹೇಳ್ತಾ ಕಣ್ಣೀರಿಡ್ತಾನೆ. ನೋಡ್ತಿರೋ ನಮಗೂ ಗಂಟಲು ಕಟ್ಟುತ್ತೆ. ಗಾನ್‌ಗೆ ಮಾತ್ರ ಸಿಟ್ಟು ಬರುತ್ತೆ. ನಿಮ್ಮೋರಿಗೋಸ್ಕರ ಇಷ್ಟು ಅಳೋಕೆ ಬರುತ್ತೆ ಅಂದ್ಮೇಲೆ, ಅದರಲ್ಲಿ ಒಂದು ಪಾಲನ್ನ ನೀವು ಕೊಂದೋರ ಮೇಲೆ ಯಾಕೆ ಇಡೋಕಾಗಲಿಲ್ಲ ಅಂತ ಅವನು ಕೇಳೋದು. ಕೇಳಿ, ನೊಬುನಾಗಾ ಕೈಯನ್ನ ಮೇಜಿಗೆ ಬಡಿದುಬಿಡ್ತಾನೆ.

ಇಡೀ ಭಾಗದ ಕೀಲಿ ಈ ಪ್ರಶ್ನೆ. ಇವರಿಗೆ ಹೃದಯವೇ ಇಲ್ಲ ಅಂದಿದ್ರೆ ವಿಷಯ ಸುಲಭವಾಗಿತ್ತು, ರಾಕ್ಷಸರು ಅಂತ ಬಿಟ್ಟುಬಿಡಬಹುದಿತ್ತು. ಹೃದಯ ಇದೆ, ಕೆಲಸವೂ ಮಾಡುತ್ತೆ, ಆದರೆ ಅದಕ್ಕೊಂದು ಗಡಿ ಇದೆ. ಆಮೇಲೆ ಎರಡನೇ ಸಲ ಸಿಕ್ಕಿಬಿದ್ದಾಗ ಗಾನ್ ಇದನ್ನೇ ಕ್ರೋಲೋಗೆ ಕೇಳ್ತಾನೆ: ನಿಮಗೆ ಸಂಬಂಧವೇ ಇಲ್ಲದ ಜನರನ್ನ ಹೇಗೆ ಕೊಲ್ತೀರಿ? ಸಂಬಂಧ ಇಲ್ಲ ಅನ್ನೋದೇ ಕಾರಣ ಇರಬೇಕು ಅನ್ನೋ ಅರ್ಥದ ಉತ್ತರ ಅವನಿಂದ ಬರುತ್ತೆ. ಕೋಪ ಇಲ್ಲ, ನಾಟಕ ಇಲ್ಲ. ಗಡಿಯೊಳಗೆ ಇರೋರು ಮನುಷ್ಯರು, ಹೊರಗಿರೋರು ಸಾಮಾನು.

ನಿಯಮ ಮುರಿದವಳು

ಮುಂದೆ ಒಂದು ಹೋಟೆಲ್ಲಿನಲ್ಲಿ ಕರೆಂಟ್ ಹೋಗಿ ಕತ್ತಲಾದಾಗ ಕುರಪಿಕಾ ಕ್ರೋಲೋನನ್ನೇ ಎತ್ತಾಕಿಕೊಂಡು ಹೋಗ್ತಾನೆ. ಗಾನ್, ಕಿಲ್ವಾ ಇನ್ನೂ ಟ್ರೂಪಿನ ಹತ್ತಿರ ಸೆರೆ. ಈಗ ಎರಡೂ ಕಡೆ ಒತ್ತೆಯಾಳು.

ಕ್ರೋಲೋಗೆ ಚೂರೂ ಭಯ ಇಲ್ಲ. ಒತ್ತೆಯಾಳಾಗಿ ನನಗೆ ಯಾವ ಬೆಲೆಯೂ ಇಲ್ಲ ಅಂತ ಕುರಪಿಕಾಗೇ ಹೇಳ್ತಾನೆ. ಎದೆಬಡಿತ ಕೇಳಿ ಮನಸ್ಸು ಓದಬಲ್ಲ ಮೆಲೊಡಿ ಪಕ್ಕದಲ್ಲೇ ಇರ್ತಾಳೆ, ಅವಳಿಗೂ ಗೊತ್ತಾಗುತ್ತೆ, ಇವನು ಸುಳ್ಳು ಹೇಳ್ತಿಲ್ಲ. ಅವನು ಬರೆದ ನಿಯಮದ ಪ್ರಕಾರ ಅದು ನಿಜ ಕೂಡ.

ಅತ್ತ ಗುಂಪಿನಲ್ಲಿ, ಎತ್ತು ಏರಿಗೆಳೀತು, ಕೋಣ ನೀರಿಗೆಳೀತು ಅನ್ನೋ ಹಾಗಾಗುತ್ತೆ. ಫಿಂಕ್ಸ್, ಫೇಟಾನ್ ಇಬ್ಬರದ್ದೂ ಒಂದೇ ಹಟ: ತಲೆ ಹೋದ್ರೂ ಜೇಡ ಬದುಕಬೇಕು ಅಂತ ಕ್ರೋಲೋನೇ ಹೇಳಿದ್ದಾನೆ, ಅವನಿಗಾಗಿ ಶತ್ರುವಿನ ಮಾತು ಕೇಳಿದ್ರೆ ಅವನ ಮಾತನ್ನೇ ಮೀರಿದ ಹಾಗೆ. ಮಾಚಿ, ನೊಬುನಾಗಾ ಅವರಿಗೆ ಕ್ರೋಲೋ ವಾಪಸ್ ಬೇಕು. ನಿಜ ಹೇಳಬೇಕು ಅಂದ್ರೆ ಇಬ್ಬರದ್ದೂ ನಿಷ್ಠೆಯೇ, ಒಂದು ನಾಯಕನ ಮಾತಿಗೆ, ಇನ್ನೊಂದು ನಾಯಕನಿಗೆ. ನಾಣ್ಯ ಚಿಮ್ಮಿ ತೀರ್ಮಾನ ಮಾಡೋ ವಿಷಯ ಇದಲ್ಲ. ಫ್ರಾಂಕ್ಲಿನ್ ಮಧ್ಯೆ ಬಂದು ಜಗಳ ತಣ್ಣಗೆ ಮಾಡ್ತಾನೆ. ಸೆರೆಯಲ್ಲಿರೋ ಗಾನ್ ಕೂಡ ಪಕುನೋಡಾ ಪರವಾಗಿ ಮಾತಾಡ್ತಾನೆ.

ಪಕುನೋಡಾ ಅಂದ್ರೆ ಗುಂಪಿನ ಒಂಬತ್ತನೇ ಕಾಲು. ಮುಟ್ಟಿ ಪ್ರಶ್ನೆ ಕೇಳಿದ್ರೆ ಎದುರಿನವರ ನೆನಪು ಓದಬಲ್ಲವಳು. ವಿನಿಮಯದ ಮಾತಿಗೆ ಕುರಪಿಕಾ ಅವಳನ್ನ ಒಬ್ಬಳೇ ಬರೋಕೆ ಹೇಳಿ, ಅವಳ ಹೃದಯಕ್ಕೂ ಸರಪಳಿ ಹಾಕಿರ್ತಾನೆ: ನನ್ನ ಬಗ್ಗೆ ಯಾರಿಗೂ ಏನೂ ಹೇಳಬಾರದು. ಕ್ರೋಲೋಗೆ ಹಾಕಿದ ಷರತ್ತು ಬೇರೆ: ಇನ್ನು ನೆನ್ ಬಳಸಬಾರದು, ಟ್ರೂಪಿನ ಯಾರ ಜೊತೆಯೂ ಸಂಪರ್ಕ ಇರಬಾರದು. ಅವಳು ಗಾನ್, ಕಿಲ್ವಾರನ್ನ ಕರ್ಕೊಂಡು ಹೋಗಿ ಕೊಟ್ಟು ಕ್ರೋಲೋನನ್ನ ಬಿಡಿಸ್ತಾಳೆ. ಜೇಡ ಮೊದಲು ಅನ್ನೋ ನಿಯಮ ಅಲ್ಲಿಗೆ ಮುರೀತು.

ವಾಪಸ್ ಬಂದಾಗ ಅವಳ ಮುಂದೆ ಎರಡು ದಾರಿ. ಬಾಯಿ ಮುಚ್ಕೊಂಡಿದ್ರೆ ಬದುಕ್ತಾಳೆ. ಆದರೆ ಸರಪಳಿಯವನು ಯಾರು, ತಾನು ಯಾಕೆ ಹೀಗೆ ಮಾಡಿದೆ, ಇದ್ಯಾವುದೂ ಜೊತೆಯವರಿಗೆ ಯಾವತ್ತೂ ಗೊತ್ತಾಗೋದಿಲ್ಲ. ಅವಳ ಹತ್ತಿರ ಇನ್ನೊಂದು ಶಕ್ತಿ ಇದೆ: ತನ್ನ ನೆನಪನ್ನ ಗುಂಡಿನ ರೂಪದಲ್ಲಿ ಇನ್ನೊಬ್ಬರ ತಲೆಗೆ ಹಾರಿಸೋದು. ಶುರುವಿನಿಂದ ಜೊತೆಗಿದ್ದ ಆರು ಜನಕ್ಕೆ ಆರು ಗುಂಡು ಹಾರಿಸ್ತಾಳೆ. ಎಲ್ಲ ನೆನಪೂ ಅವರೊಳಗೆ ಹೋಗುತ್ತೆ. ಅವಳು ಅಲ್ಲೇ ಬಿದ್ದು ಸಾಯ್ತಾಳೆ.

ಉವೋಗಿನ್, ಪಕುನೋಡಾ ಇಬ್ಬರನ್ನ ಪಕ್ಕಪಕ್ಕ ಇಟ್ಟು ನೋಡಿ. ಕೊಂದಿದ್ದು ಒಂದೇ ಸರಪಳಿ. ಅವನು ಹೇಳದೆ ಸತ್ತ, ಇವಳು ಹೇಳಿ ಸತ್ತಳು. ಅವನು ನಿಯಮದಂತೆ ನಡೆದ. ಇವಳು ಮೊದಲು ನಾಯಕನಿಗಾಗಿ ನಿಯಮ ಮುರಿದಳು, ಆಮೇಲೆ ಉಳಿದ ಕಾಲುಗಳಿಗಾಗಿ ಪ್ರಾಣ ಕೊಟ್ಟು ಆ ಸಾಲ ತೀರಿಸಿದಳು. ಒತ್ತೆಯಾಳಾಗಿ ನನಗೆ ಬೆಲೆಯಿಲ್ಲ ಅಂದ ಕ್ರೋಲೋ ಮಾತನ್ನ ಅವಳು ಸುಳ್ಳು ಮಾಡಿದಳು. ಲೋಡ್ ಟೆಸ್ಟಲ್ಲಿ ನಿಯಮ ಫೇಲ್ ಆಯ್ತು, ಒಳಗಿದ್ದ ಮನೆ ಹೊರಗೆ ಕಾಣ್ತು.

ನಂಬರ್ ಇದ್ದು ಮನೆ ಇಲ್ಲದವನು

ನಾಲ್ಕನೇ ನಂಬರಿನ ಹಿಸೋಕಾ ಇದಕ್ಕೆ ಉಲ್ಟಾ ಉದಾಹರಣೆ. ಅವನು ಗುಂಪಿಗೆ ಬಂದಿದ್ದೇ ಕ್ರೋಲೋ ಜೊತೆ ಒಂಟಿಯಾಗಿ ಹೋರಾಡೋ ಆಸೆಯಿಂದ. ಮೈಮೇಲಿನ ಜೇಡದ ಹಚ್ಚೆ ಕೂಡ ನಕಲಿ. ಕ್ರೋಲೋಗೆ ಇನ್ನು ನೆನ್ ಬಳಸೋಕಾಗಲ್ಲ ಅಂತ ಗೊತ್ತಾದ ಕೂಡಲೇ ಆಸಕ್ತಿ ಹೋಗಿ ಎದ್ದು ನಡೀತಾನೆ. ಆಮೇಲೆ ಮಾಂಗಾದಲ್ಲಿ ಇದೇ ಗುಂಪಿನ ಶಾಲ್‌ನಾರ್ಕ್, ಕೊರ್ಟೋಪಿ ಇಬ್ಬರನ್ನೂ ಕೊಲ್ತಾನೆ. ಉಂಡ ಮನೆಗೆ ಎರಡು ಬಗೆಯೋದು ಅಂತೀವಲ್ಲ, ಹಿಸೋಕಾಗೆ ಆ ಬೈಗುಳವೂ ಸರಿಹೊಂದಲ್ಲ, ಯಾಕಂದ್ರೆ ಅವನಿಗೆ ಅದು ಯಾವತ್ತೂ ಮನೆಯಾಗಿರಲೇ ಇಲ್ಲ. ನಿಯಮದ ಲೆಕ್ಕದಲ್ಲಿ ಹಿಸೋಕಾ, ಪಕುನೋಡಾ ಇಬ್ಬರೂ ಒಂದೊಂದು ಕಾಲು. ಇಬ್ಬರ ನಡುವಿನ ವ್ಯತ್ಯಾಸ ಯಾವ ನಿಯಮದಲ್ಲೂ ಬರೆದಿಲ್ಲ.

ಕಸದಲ್ಲಿ ಸಿಕ್ಕ ಟೇಪು

ಆ ವ್ಯತ್ಯಾಸ ಎಲ್ಲಿಂದ ಬಂತು ಅನ್ನೋದು ಆನಿಮೆಯಲ್ಲಿ ಇಲ್ಲ. ತೊಗಾಶಿ ಅದನ್ನ ತೋರಿಸಿದ್ದು 2022ರ ಕೊನೆಯಲ್ಲಿ ಬಂದ ಮಾಂಗಾ ಅಧ್ಯಾಯಗಳಲ್ಲಿ. ಮೀಟಿಯರ್ ಸಿಟಿಯ ಮಕ್ಕಳಿಗೆ ಕಸದ ರಾಶಿಯಲ್ಲಿ ಒಂದು ಸೂಪರ್‌ಹೀರೋ ಸರಣಿಯ ವಿಡಿಯೋ ಟೇಪು ಸಿಗುತ್ತೆ. ಕ್ರೋಲೋ, ಪಕುನೋಡಾ ಮತ್ತಿತರರು ಸೇರಿ ತಾವೇ ಅದಕ್ಕೆ ದನಿ ಕೊಟ್ಟು ಊರಿನ ಮಕ್ಕಳಿಗೆ ತೋರಿಸ್ತಾರೆ. ಡಬ್ಬಿಂಗ್ ಬೇಕೋ ಬೇಡವೋ ಅಂತ ವರ್ಷಗಟ್ಟಲೆ ಜಗಳ ಆಡಿದ ನಮಗೆ ಈ ಪ್ರಸಂಗ ಓದೋಕೆ ಇನ್ನೂ ಮಜ. ಆದರೆ ಮಜ ಜಾಸ್ತಿ ಹೊತ್ತು ಇರಲ್ಲ. ಅವರ ಜೊತೆಗಿದ್ದ ಸರಾಸಾ ಅನ್ನೋ ಪುಟ್ಟ ಹುಡುಗಿಯನ್ನ ಹೊರಗಿಂದ ಬಂದ ದುಷ್ಟರು ಕ್ರೂರವಾಗಿ ಕೊಲ್ತಾರೆ. ಕೊಂದೋರನ್ನ ಹುಡುಕಬೇಕು, ಈ ಊರಿನ ಮೇಲೆ ಮತ್ತೆ ಯಾರೂ ಕೈ ಹಾಕದ ಹಾಗೆ ಮಾಡಬೇಕು ಅನ್ನೋ ಹಟದಿಂದ ಟ್ರೂಪ್ ಹುಟ್ಟುತ್ತೆ.

ಹೀರೋಗಳ ಕಥೆಗೆ ದನಿ ಕೊಟ್ಟ ಮಕ್ಕಳೇ ದೊಡ್ಡವರಾಗಿ ಕುರ್ತಾ ಕುಲದ ಮಕ್ಕಳನ್ನ ಕೊಂದರು. ಇದನ್ನ ಓದಿದಮೇಲೆ ಅವರ ಮೇಲೆ ಕನಿಕರ ಹುಟ್ಟುತ್ತೆ, ಹುಟ್ಟಬೇಕು. ಆದರೆ ಕುರಪಿಕಾ ಲೆಕ್ಕ ಅದರಿಂದ ಒಂದು ರೂಪಾಯಿಯೂ ಕಡಿಮೆ ಆಗಲ್ಲ. ಸರಾಸಾಗೆ ಆಗಿದ್ದು ಅನ್ಯಾಯ ಅಂತ ಗೊತ್ತಿದ್ದೋರೇ ಅದೇ ಅನ್ಯಾಯವನ್ನ ಇನ್ನೊಂದು ಊರಿನ ಮೇಲೆ ಮಾಡಿದರು.

ಆ ಕಡೆಯ ಮನೆ

ಕುರಪಿಕಾ ಎದುರಿಗೂ ಇದೇ ಪರೀಕ್ಷೆ ಬಂತು ಅನ್ನೋದನ್ನ ಮರೀಬಾರದು. ಕುಲವನ್ನೇ ಅಳಿಸಿದ ಗುಂಪಿನ ನಾಯಕ ಅವನ ಮುಷ್ಟಿಯಲ್ಲಿದ್ದ. ಕೊಂದಿದ್ರೆ ಬದುಕಿದ್ದಕ್ಕೂ ಒಂದು ಅರ್ಥ ಅಂದುಕೊಂಡಿದ್ದವನು. ಆದರೆ ಗಾನ್, ಕಿಲ್ವಾ ಆ ಕಡೆ ಇದ್ದರು. ಅವನು ಸೇಡು ಬಿಟ್ಟು ಗೆಳೆಯರನ್ನ ಆರಿಸ್ಕೊಂಡ. ಒಂದೇ ರಾತ್ರಿ ಇತ್ತ ಕುರಪಿಕಾ, ಅತ್ತ ಪಕುನೋಡಾ, ಇಬ್ಬರೂ ತಾವು ಹಾಕಿಕೊಂಡ ನಿಯಮಕ್ಕಿಂತ ತಮ್ಮ ಜನ ದೊಡ್ಡವರು ಅಂದರು.

ಹಾಗಾದ್ರೆ ಹೀರೋ ಯಾರು, ವಿಲನ್ ಯಾರು? ಪ್ರೀತಿಯ ಅಳತೆಯಲ್ಲಿ ವ್ಯತ್ಯಾಸ ಸಿಗೋದಿಲ್ಲ. ಗಡಿಯ ಹೊರಗೆ ನೋಡಿದಾಗ ಸಿಗುತ್ತೆ. ಉವೋಗಿನ್‌ನನ್ನ ಕೊಂದಮೇಲೆ ಕುರಪಿಕಾ ಅವನಿಗೆ ಗುಂಡಿ ತೋಡಿ ಮಣ್ಣು ಮಾಡ್ತಾನೆ. ಗೆದ್ದ ಖುಷಿ ಅವನ ಮುಖದಲ್ಲಿ ಇರೋದಿಲ್ಲ. ಶತ್ರುವಿನ ಹೆಣವೂ ಅವನಿಗೆ ಮನುಷ್ಯನ ಹೆಣವೇ.

ನಮ್ಮ ರನ್ನನ 'ಗದಾಯುದ್ಧ' ಓದಿದೋರಿಗೆ ಇಲ್ಲಿ ದುರ್ಯೋಧನ ನೆನಪಾಗಬಹುದು. ರಣರಂಗದಲ್ಲಿ ಹೆಣಗಳ ನಡುವೆ ನಡೀತಾ ಅವನು ಕರ್ಣನಿಗಾಗಿ, ತಮ್ಮನಿಗಾಗಿ, ಮಗನಿಗಾಗಿ ಅಳ್ತಾನೆ. ಅಲ್ಲಿಗೇ ನಿಲ್ಲೋದಿಲ್ಲ, ಶತ್ರುವಿನ ಮಗ ಅಭಿಮನ್ಯುವಿನ ಹೆಣದ ಮುಂದೆಯೂ ನಿಂತು ಅವನ ಶೌರ್ಯಕ್ಕೆ ತಲೆಬಾಗ್ತಾನೆ. ಆ ಒಂದು ಗಳಿಗೆ ಅವನ ದುಃಖ ಗಡಿ ದಾಟಿತು. ಅದಕ್ಕೇ ಅವನು ಓದುಗರ ಮನಸ್ಸಿನಲ್ಲಿ ಬರೀ ಖಳನಾಗಿ ಉಳಿಯೋದಿಲ್ಲ. ಕ್ರೋಲೋಗೆ ಆ ಗಳಿಗೆ ಇನ್ನೂ ಬಂದಿಲ್ಲ.

ನಮಗೆ ಇದರಲ್ಲೇನಿದೆ?

ಒಂದು, ನಿಷ್ಠೆಯ ಲೆಕ್ಕ. ಟೌನ್‌ಹಾಲ್ ಮೀಟಿಂಗಲ್ಲಿ 'ನಾವೆಲ್ಲ ಒಂದೇ ಫ್ಯಾಮಿಲಿ' ಅಂತ ಕೇಳಿರ್ತೀವಿ, ಕ್ವಾರ್ಟರ್ ಮುಗಿಯೋ ಹೊತ್ತಿಗೆ ಲಿಸ್ಟ್ ಬಂದಿರುತ್ತೆ. ಟ್ರೂಪ್ ಇದಕ್ಕೆ ತಿರುಗಾಮುರುಗಾ. ಅವರು ಬಾಯಲ್ಲಿ ಹೇಳಿದ್ದು ಎಲ್ಲರೂ ರಿಪ್ಲೇಸಬಲ್ ಅಂತ, ಮಾಡಿದ್ದು ಮನೆಯವರು ಮಾಡೋ ಕೆಲಸ. ಮನೆ ಅನ್ನೋದು ಹೆಸರಿಟ್ಟರೆ ಆಗೋದಲ್ಲ. ನಷ್ಟ ಆಗುತ್ತೆ ಅಂತ ಗೊತ್ತಿದ್ದೂ ನಿಮಗಾಗಿ ನಿಯಮ ಬಗ್ಗಿಸೋರು ಯಾರು ಅನ್ನೋದರಲ್ಲಿ ಗೊತ್ತಾಗುತ್ತೆ.

ಎರಡನೆಯದು ಸ್ವಲ್ಪ ಕಷ್ಟದ್ದು. ಬೇರೆ ಊರಲ್ಲಿ ಕನ್ನಡದ ನಾಲ್ಕು ಜನ ಒಂದು ಫ್ಲಾಟಿನಲ್ಲಿ ಇದ್ದರೆ ಅದೊಂದು ಮನೆಯೇ. ಒಬ್ಬನಿಗೆ ಡೆಂಗಿ ಬಂದ್ರೆ ಉಳಿದ ಮೂವರು ಆಸ್ಪತ್ರೆಯಲ್ಲಿ ರಾತ್ರಿ ಕಳೀತಾರೆ, ಒಬ್ಬನ ಕೆಲಸ ಹೋದ್ರೆ ಆರು ತಿಂಗಳು ಬಾಡಿಗೆ ಕೇಳಲ್ಲ. ಇಂಥ ಫ್ಲಾಟ್ ನೀವೂ ನೋಡಿರ್ತೀರ. ಅದೇ ಫ್ಲಾಟಲ್ಲಿ ಅಡುಗೆಯವರು ಎರಡು ದಿನ ಬರದಿದ್ರೆ ಸಂಬಳ ಕಟ್ ಆಗುತ್ತೆ, ಅವರ ಮನೆಯಲ್ಲೂ ಡೆಂಗಿ ಇತ್ತಾ ಅಂತ ಯಾರೂ ಕೇಳಿರಲ್ಲ. ಲಿಫ್ಟ್ ಬೇಡ, ಮೆಟ್ಟಿಲಲ್ಲಿ ಬಾ ಅಂತ ಡೆಲಿವರಿ ಹುಡುಗನಿಗೆ ಹೇಳೋ ಸೊಸೈಟಿ ನೋಟಿಸಿಗೆ ಅಲ್ಲಿರೋ ಯಾರೂ ತಕರಾರು ಎತ್ತಿರಲ್ಲ. ಅವರೇನೂ ಟ್ರೂಪಿನೋರ ಹಾಗೆ ಕೊಲೆಗಾರರಲ್ಲ. ಆದರೆ ಗಡಿ ಎಳೆಯೋ ರೀತಿ ಮಾತ್ರ ಪರಿಚಯದ್ದೇ.

ನಮ್ಮವರು ಅನ್ನೋ ಪ್ರೀತಿ ಬೇಡ ಅಂತ ಈ ಕಥೆ ಎಲ್ಲೂ ಹೇಳಲ್ಲ. ಪಕುನೋಡಾಳನ್ನ ಅದು ಗೌರವದಿಂದಲೇ ಕಳಿಸಿಕೊಡುತ್ತೆ. ಆದರೆ ಆ ಪ್ರೀತಿಯನ್ನ ಒಳ್ಳೆಯತನದ ಸರ್ಟಿಫಿಕೇಟ್ ಅಂದ್ಕೋಬೇಡಿ ಅಂತ ಹೇಳುತ್ತೆ. ಗಾನ್ ಕೂಡ ನೊಬುನಾಗಾಗೆ ಅಳಬೇಡ ಅನ್ನಲಿಲ್ಲ. ಅದರಲ್ಲಿ ಒಂದು ಪಾಲು ಹೊರಗಿನೋರಿಗೂ ಯಾಕಿಲ್ಲ ಅಂತ ಮಾತ್ರ ಕೇಳಿದ.

ನೋಡದೇ ಇದ್ದರೆ ಮೊದಲ ಎಪಿಸೋಡಿಂದಲೇ ಶುರುಮಾಡಿ, ನೇರವಾಗಿ ಯಾರ್ಕ್‌ನ್ಯೂಗೆ ಹಾರಬೇಡಿ. ಗಾನ್, ಕುರಪಿಕಾ, ಕಿಲ್ವಾ, ಲಿಯೋರಿಯೋ ನಾಲ್ವರೂ ಹೇಗೆ ಒಂದು ಮನೆಯಾದರು ಅಂತ ಗೊತ್ತಿದ್ರೇನೇ ಆ ಕಡೆಯ ಮನೆಯ ತೂಕ ಗೊತ್ತಾಗೋದು.